ಗೆದ್ದರೂ ಖರ್ಚು ಇಳಿಯಲಿಲ್ಲ: ಅಮೆರಿಕದ ಕನ್ಸರ್ವೇಟಿವ್‌ಗಳಿಗೆ ತಮ್ಮ ನಾಯಕರ ಮೇಲೆ ಯಾಕಿಷ್ಟು ಸಿಟ್ಟು?

2018ರ ಮಾರ್ಚ್ 21, ಬುಧವಾರ. ವಾಷಿಂಗ್ಟನ್‌ನಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದು ಮಸೂದೆ ಹೊರಬಿತ್ತು. 2,232 ಪುಟ. ಸರ್ಕಾರದ ಇಲಾಖೆಗಳಿಗೆ 1.3 ಲಕ್ಷ ಕೋಟಿ ಡಾಲರ್ ಕೊಡುವ ಮಸೂದೆ ಅದು. ಮರುದಿನ ಮಧ್ಯಾಹ್ನ ಕೆಳಮನೆಯಲ್ಲಿ ಮತಕ್ಕೆ ಹಾಕಿ ಪಾಸು ಮಾಡಿದರು. ನಡುರಾತ್ರಿ ದಾಟಿದ ಮೇಲೆ ಮೇಲ್ಮನೆಯಾದ ಸೆನೆಟ್ ಕೂಡ ಒಪ್ಪಿತು. ಶುಕ್ರವಾರ ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಇಂಥ ಮಸೂದೆಗೆ ಇನ್ನು ಯಾವತ್ತೂ ಸಹಿ ಹಾಕಲ್ಲ ಅಂತ ಅದೇ ದಿನ ಹೇಳಿದರು.

ಕೆಂಟಕಿಯ ಸೆನೆಟರ್ ರ‍್ಯಾಂಡ್ ಪಾಲ್ ಅಷ್ಟೂ ಪುಟಗಳನ್ನು ಪ್ರಿಂಟ್ ತೆಗೆಸಿ, ಆ ಕಾಗದದ ರಾಶಿಯ ಫೋಟೊ ಹಾಕಿದರು. ಓದುತ್ತಾ ಹೋದ ಹಾಗೆ ಯಾವ ಪುಟದಲ್ಲಿ ಯಾವ ಖರ್ಚಿದೆ ಅಂತ ಒಂದೊಂದಾಗಿ ಟ್ವೀಟ್ ಮಾಡಿದರು. ಮತ ಹಾಕುವ ಹೊತ್ತಿಗೆ ಓದು ಮುಗಿಯುವುದು ಸಾಧ್ಯವೇ ಇರಲಿಲ್ಲ.

ಈ ಮಸೂದೆ ತಂದವರು ಖರ್ಚು ಮಾಡುವ ಪಕ್ಷ ಅಂತ ಹೆಸರಾದ ಡೆಮಾಕ್ರಟರಲ್ಲ. ಆಗ ಎರಡೂ ಮನೆಗಳಲ್ಲಿ ರಿಪಬ್ಲಿಕನ್ನರದೇ ಬಹುಮತ, ಅಧ್ಯಕ್ಷರೂ ಅವರದೇ ಪಕ್ಷದವರು. 2010ರ ಚುನಾವಣೆಗೆ ಮುಂಚೆ ಇದೇ ಪಕ್ಷ ಲಿಖಿತವಾಗಿ ಒಂದು ಮಾತು ಕೊಟ್ಟಿತ್ತು: ಯಾವ ಮಸೂದೆಯೇ ಆಗಲಿ, ಮತಕ್ಕೆ ಹಾಕುವ 72 ಗಂಟೆ ಮುಂಚೆ ಜನರ ಕೈಗೆ ಸಿಗಬೇಕು ಅಂತ. ಆ ಮಾತಿಗೆ ಎಂಟೇ ವರ್ಷದಲ್ಲಿ ಬೆಲೆ ಇಲ್ಲದಂತಾಯಿತು. ಸರ್ಕಾರ ಚಿಕ್ಕದಿರಬೇಕು, ಸಾಲ ಮಾಡಬಾರದು ಅಂತ ನಂಬಿ ಜೀವನಪೂರ್ತಿ ಒಂದೇ ಪಕ್ಷಕ್ಕೆ ವೋಟು ಹಾಕಿದ ಕನ್ಸರ್ವೇಟಿವ್ ಮತದಾರನಿಗೆ ಆ ವಾರ ಏನನ್ನಿಸಿರಬೇಕು, ಯೋಚಿಸಿ.

ಆ ಸಿಟ್ಟು ಎಲ್ಲಿಂದ ಬಂತು, ಎಷ್ಟು ನ್ಯಾಯವಾದದ್ದು, ಎಲ್ಲಿ ದಾರಿ ತಪ್ಪುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಎರಡು ಮಾತು ಮೊದಲೇ ಹೇಳಿಬಿಡಬೇಕು. ಅಲ್ಲಿನ ಸಂಸತ್ತಿನ ಹೆಸರು ಕಾಂಗ್ರೆಸ್. ನಮ್ಮ ಕಾಂಗ್ರೆಸ್ ಜೊತೆ ಗೊಂದಲ ಬೇಡ ಅಂತ ನಾನು ಸಂಸತ್ತು ಅಂತಲೇ ಬರೆಯುತ್ತೇನೆ. ಇನ್ನು ಅವರು ಟ್ರಿಲಿಯನ್ ಅನ್ನುವುದು ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಲಕ್ಷ ಕೋಟಿ. ಹಾಗಾಗಿ ಎಲ್ಲವನ್ನೂ ಕೋಟಿಯಲ್ಲೇ ಹೇಳಬಹುದು.

ಅಮೆರಿಕ ಸರ್ಕಾರದ ಒಟ್ಟು ಸಾಲ 1981ರ ಅಕ್ಟೋಬರ್‌ನಲ್ಲಿ ಮೊದಲ ಸಲ 1 ಲಕ್ಷ ಕೋಟಿ ಡಾಲರ್ ದಾಟಿತು. ಅಲ್ಲಿಗೆ ತಲುಪಲು ಆ ದೇಶಕ್ಕೆ ಇನ್ನೂರು ವರ್ಷ ಬೇಕಾಯಿತು. ರಿಪಬ್ಲಿಕನ್ ಜಾರ್ಜ್ ಡಬ್ಲ್ಯೂ. ಬುಷ್ 2001ರಲ್ಲಿ ಅಧಿಕಾರಕ್ಕೆ ಬಂದಾಗ ಅದು 5.7 ಲಕ್ಷ ಕೋಟಿ, ಹೋಗುವಾಗ 10.6. ಡೆಮಾಕ್ರಟ್ ಒಬಾಮ ಹೋಗುವಾಗ 19.9. ಟ್ರಂಪ್ ಮೊದಲ ಅವಧಿ ಮುಗಿದಾಗ 27.7. ಡೆಮಾಕ್ರಟ್ ಬೈಡನ್ ಹೋಗುವಾಗ 36ಕ್ಕೂ ಮೇಲೆ. 2025ರ ಅಕ್ಟೋಬರ್‌ನಲ್ಲಿ 38 ದಾಟಿತು. ಈ ಅಂಕಿಗಳಿಂದ ಅಧ್ಯಕ್ಷರ ಹೆಸರು ಅಳಿಸಿಬಿಟ್ಟರೆ, ಯಾವುದು ಯಾವ ಪಕ್ಷದ ಕಾಲ ಅಂತ ಗುರುತು ಹಿಡಿಯುವುದು ಕಷ್ಟ. ಕನ್ಸರ್ವೇಟಿವ್ ಮತದಾರನ ನೋವು ಇರುವುದೇ ಇಲ್ಲಿ. ಎದುರಾಳಿ ಖರ್ಚು ಮಾಡುತ್ತಾನೆ ಅನ್ನುವುದು ಅವನಿಗೆ ಮೊದಲೇ ಗೊತ್ತು. ತನ್ನವರೂ ಅದನ್ನೇ ಮಾಡಿದ್ದನ್ನು ಅವನು ತಡೆದುಕೊಳ್ಳಲಾರ.

ಇದೇ ಮಾತನ್ನು ರ‍್ಯಾಂಡ್ ಪಾಲ್ 2018ರ ಫೆಬ್ರುವರಿಯಲ್ಲಿ ಸೆನೆಟ್‌ನಲ್ಲಿ ನಿಂತು ಆಡಿದರು. ಡೆಮಾಕ್ರಟರು ಅಧಿಕಾರದಲ್ಲಿದ್ದಾಗ ರಿಪಬ್ಲಿಕನ್ನರು ಕನ್ಸರ್ವೇಟಿವ್ ಪಕ್ಷದ ಹಾಗೆ ಕಾಣುತ್ತಾರೆ, ರಿಪಬ್ಲಿಕನ್ನರೇ ಅಧಿಕಾರಕ್ಕೆ ಬಂದರೆ ದೇಶದಲ್ಲಿ ಕನ್ಸರ್ವೇಟಿವ್ ಪಕ್ಷವೇ ಇಲ್ಲವಾಗುತ್ತದೆ ಅಂದರು.

ಅಕ್ಟೋಬರ್ 1 ಅನ್ನುವ ಗಡುವು

ಸಿಟ್ಟಿನ ಮೊದಲ ಕಾರಣ ಹಣವಲ್ಲ, ಹಣ ಮಂಜೂರು ಮಾಡುವ ರೀತಿ. ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅದಕ್ಕೆ ಮುಂಚೆ ಸಂಸತ್ತು 12 ಬೇರೆ ಬೇರೆ ಖರ್ಚಿನ ಮಸೂದೆಗಳನ್ನು ಪಾಸು ಮಾಡಬೇಕು. ರಕ್ಷಣೆಗೆ ಒಂದು, ಕೃಷಿಗೆ ಒಂದು, ಸಾರಿಗೆಗೆ ಒಂದು, ಹೀಗೆ. ಒಂದೊಂದನ್ನೂ ಸಮಿತಿಯಲ್ಲಿ ಚರ್ಚಿಸಿ, ತಿದ್ದುಪಡಿ ತಂದು, ಮತ ಹಾಕುವುದು ಕ್ರಮ. ಈಗಿರುವ ಬಜೆಟ್ ಪದ್ಧತಿಯನ್ನು 1974ರ ಕಾಯ್ದೆಯಲ್ಲಿ ಬರೆದಿಟ್ಟರು. ಆಮೇಲೆ ಎಲ್ಲ ಮಸೂದೆಗಳೂ ಗಡುವಿನೊಳಗೆ ಮುಗಿದದ್ದು ನಾಲ್ಕೇ ವರ್ಷ: 1977, 1989, 1995, 1997ರ ಹಣಕಾಸು ವರ್ಷಗಳು.

ಉಳಿದ ವರ್ಷಗಳಲ್ಲಿ ಏನಾಗುತ್ತದೆ? ಸೆಪ್ಟೆಂಬರ್ ಕೊನೆಗೆ ಒಂದು ತಾತ್ಕಾಲಿಕ ಮಸೂದೆ ತಂದು, ಹಳೆಯ ಲೆಕ್ಕದಲ್ಲೇ ಕೆಲವು ವಾರ ನಡೆಸುತ್ತಾರೆ. ಆ ಗಡುವನ್ನು ಹೆಚ್ಚಾಗಿ ಕ್ರಿಸ್‌ಮಸ್ ರಜೆಯ ಹತ್ತಿರಕ್ಕೆ ಇಡುತ್ತಾರೆ. ಅಷ್ಟರಲ್ಲಿ ನಾಲ್ಕೈದು ನಾಯಕರು ಬಾಗಿಲು ಹಾಕಿಕೊಂಡು ಎಲ್ಲ ಇಲಾಖೆಗಳನ್ನೂ ಒಂದೇ ಮಸೂದೆಗೆ ಸೇರಿಸುತ್ತಾರೆ. ಇದಕ್ಕೆ ಅಲ್ಲಿ ಆಮ್ನಿಬಸ್ ಅನ್ನುತ್ತಾರೆ. ಸದಸ್ಯನ ಮುಂದೆ ಉಳಿಯುವುದು ಎರಡೇ ದಾರಿ. ಎಲ್ಲದಕ್ಕೂ ಹೂಂ ಅನ್ನಬೇಕು, ಇಲ್ಲವೇ ಹಣ ಮಂಜೂರಾಗದೆ ಸರ್ಕಾರಿ ಕಚೇರಿಗಳನ್ನು ಮುಚ್ಚಿಸಿದ ಕೆಟ್ಟ ಹೆಸರು ಹೊರಬೇಕು. ಒಂದು ಖರ್ಚು ಬೇಡ ಅಂತ ತಿದ್ದುಪಡಿ ತರುವ ಅವಕಾಶವೇ ಇಲ್ಲ.

ನಾಯಕರಿಗೆ ಇದು ಅನುಕೂಲ. ಅವರು ದುಷ್ಟರು ಅಂತ ನಾನು ಹೇಳುತ್ತಿಲ್ಲ. 435 ಜನರ ಕೆಳಮನೆಯಲ್ಲಿ 12 ಮಸೂದೆ, ಒಂದೊಂದಕ್ಕೂ ನೂರಾರು ತಿದ್ದುಪಡಿ ಅಂದರೆ ತಿಂಗಳುಗಟ್ಟಲೆ ಕೆಲಸ. ಪ್ರತಿ ತಿದ್ದುಪಡಿಯೂ ಮುಂದಿನ ಚುನಾವಣೆಯಲ್ಲಿ ಯಾರದೋ ವಿರುದ್ಧ ಜಾಹೀರಾತಾಗುತ್ತದೆ. ಅಲ್ಲಿನ ಸ್ಪೀಕರ್ ಅಂದರೆ ಕೆಳಮನೆಯಲ್ಲಿ ಬಹುಮತದ ಪಕ್ಷವನ್ನು ನಡೆಸುವ ನಾಯಕ. ಕಷ್ಟದ ಮತಗಳಿಂದ ತಮ್ಮ ಸದಸ್ಯರನ್ನು ಕಾಪಾಡುವುದು ಸ್ಪೀಕರ್ ಕೆಲಸ ಅಂತಲೇ ಆಗಿಹೋಗಿದೆ. ಆದರೆ ಕಷ್ಟದ ಮತ ಹಾಕಲಿ ಅಂತಲೇ ಅಲ್ವಾ ಜನ ಅವರನ್ನು ಕಳಿಸಿದ್ದು?

ಭಾರತದ ಓದುಗರಿಗೆ ಇದೆಲ್ಲ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ತಡವಾದರೆ ಲೇಖಾನುದಾನ ಇದೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ ಮೀರಿದ ಸಂಸದ ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ಹಾಗಿಲ್ಲ. ಸದಸ್ಯ ತನ್ನ ಪಕ್ಷದ ಸ್ಪೀಕರ್ ವಿರುದ್ಧ ಮತ ಹಾಕಿದರೂ ಅವನ ಸೀಟು ಅವನದೇ. ಟಿಕೆಟ್ ಕೊಡುವುದೂ ಹೈಕಮಾಂಡ್ ಅಲ್ಲ, ಕ್ಷೇತ್ರದ ಮತದಾರರು ಪ್ರೈಮರಿ ಚುನಾವಣೆಯಲ್ಲಿ ಆರಿಸುತ್ತಾರೆ. ಆದ್ದರಿಂದಲೇ ಅಲ್ಲಿ ಬಂಡಾಯ ಇಷ್ಟು ಬಹಿರಂಗ.

ಸರ್ಕಾರ ಮುಚ್ಚುವ ಶಟ್‌ಡೌನ್ ಕೂಡ ನಮ್ಮವರಿಗೆ ದೂರದ ಸುದ್ದಿಯಲ್ಲ. 2025ರ ಅಕ್ಟೋಬರ್ 1ರಿಂದ 43 ದಿನ ನಡೆದದ್ದು ಅಲ್ಲಿಯವರೆಗೆ ಅಮೆರಿಕದ ಇತಿಹಾಸದಲ್ಲೇ ಅತಿ ಉದ್ದದ ಶಟ್‌ಡೌನ್. ಎಚ್-1ಬಿ ವೀಸಾ ಅರ್ಜಿಗೆ ಮೊದಲು ಅಲ್ಲಿನ ಕಾರ್ಮಿಕ ಇಲಾಖೆಯಿಂದ ಒಂದು ಪ್ರಮಾಣಪತ್ರ ಬೇಕು. ಆ ಕೆಲಸ ವಾರಗಟ್ಟಲೆ ನಿಂತಿತ್ತು. 2013ರ 16 ದಿನದ ಶಟ್‌ಡೌನ್‌ನಲ್ಲೂ ಹೀಗೇ ಆಗಿತ್ತು. ಬೆಂಗಳೂರಿನಿಂದ ಹೋಗಿ ಅಲ್ಲಿ ಕಂಪನಿ ಬದಲಿಸಲು ಕಾಯುತ್ತಿದ್ದ ಎಂಜಿನಿಯರ್‌ಗೆ ಸೆನೆಟ್‌ನ ಜಗಳ ನೇರವಾಗಿ ತಟ್ಟುವುದು ಹೀಗೆ.

ಸ್ಪೀಕರ್ ಕೈಯಲ್ಲಿ ಏನೇನಿದೆ

ಸೀಟು ಕಿತ್ತುಕೊಳ್ಳಲು ಆಗದಿದ್ದರೂ ಸ್ಪೀಕರ್ ಕೈಯಲ್ಲಿ ಬೇರೆ ಅಸ್ತ್ರಗಳಿವೆ. ಯಾವ ಮಸೂದೆ ಯಾವಾಗ ಮತಕ್ಕೆ ಬರಬೇಕು, ಯಾವ ತಿದ್ದುಪಡಿಗೆ ಅವಕಾಶ ಅಂತ ತೀರ್ಮಾನಿಸುವುದು ನಿಯಮ ಸಮಿತಿ. ಅದು ಸ್ಪೀಕರ್ ಹೇಳಿದಂತೆ ನಡೆಯುತ್ತದೆ. ಯಾರು ಯಾವ ಸಮಿತಿಯಲ್ಲಿ ಕೂರಬೇಕು ಅನ್ನುವುದರಲ್ಲೂ ಸ್ಪೀಕರ್ ಮಾತೇ ಭಾರ.

ಕಾನ್ಸಾಸ್‌ನ ಟಿಮ್ ಹ್ಯೂಲ್ಸ್‌ಕ್ಯಾಂಪ್ ಕಥೆ ನೋಡಿ. ಸರ್ಕಾರದ ಖರ್ಚಿನ ವಿರುದ್ಧ ಎದ್ದ ಟೀ ಪಾರ್ಟಿ ಚಳವಳಿಯ ಅಲೆಯಲ್ಲಿ 2010ರಲ್ಲಿ ಗೆದ್ದು ಬಂದವರು. ಅವರ ಕ್ಷೇತ್ರ ಪಶ್ಚಿಮ ಕಾನ್ಸಾಸ್‌ನ ಗೋಧಿ ಬಯಲು, ಊರಿಗೆ ಊರೇ ರೈತರು. ಸಾಲದ ಮಿತಿ ಮತ್ತು ಬಜೆಟ್ ವಿಷಯದಲ್ಲಿ ಪಕ್ಷದ ಮಾತು ಕೇಳಲಿಲ್ಲ ಅಂತ 2012ರ ಡಿಸೆಂಬರ್‌ನಲ್ಲಿ ಅವರನ್ನು ಬಜೆಟ್ ಸಮಿತಿಯಿಂದಲೂ ಕೃಷಿ ಸಮಿತಿಯಿಂದಲೂ ತೆಗೆದುಹಾಕಿದರು. ಆಗ ಸ್ಪೀಕರ್ ಜಾನ್ ಬೇನರ್. ಜೊತೆಗೆ ಇನ್ನೂ ಮೂವರು ಸದಸ್ಯರು ಹೀಗೇ ಸಮಿತಿ ಕಳೆದುಕೊಂಡರು. ರೈತರ ಕ್ಷೇತ್ರದ ಪ್ರತಿನಿಧಿಗೆ ಕೃಷಿ ಸಮಿತಿಯಲ್ಲಿ ಜಾಗ ಇಲ್ಲ ಅಂದರೆ ಊರಿನಲ್ಲಿ ಏನಂತ ಮುಖ ತೋರಿಸುವುದು? 2016ರ ಪ್ರೈಮರಿಯಲ್ಲಿ ರೈತ ಸಂಘಟನೆಗಳು ಎದುರಾಳಿ ರೋಜರ್ ಮಾರ್ಷಲ್ ಪರ ನಿಂತವು. ಹ್ಯೂಲ್ಸ್‌ಕ್ಯಾಂಪ್ ಸೋತರು. ಖರ್ಚಿನ ವಿರುದ್ಧ ಮತ ಹಾಕಿದರೆ ಎಂಥ ಬೆಲೆ ತೆರಬೇಕು ಅನ್ನುವುದು ಉಳಿದವರಿಗೆಲ್ಲ ಅರ್ಥವಾಯಿತು.

ಇದಕ್ಕಿಂತ ಹಳೆಯ ಒಂದು ರಾತ್ರಿ ಇದೆ. ಆ ತಲೆಮಾರಿನ ಕನ್ಸರ್ವೇಟಿವ್‌ಗಳು ಅದನ್ನು ಮರೆತಿಲ್ಲ. 2003ರ ನವೆಂಬರ್ 22. ವೃದ್ಧರ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆ ಔಷಧಿ ಖರ್ಚನ್ನೂ ಸೇರಿಸುವ ಮಸೂದೆ. ಬುಷ್ ಸರ್ಕಾರದ್ದೇ ಯೋಜನೆ. ಅದರ ಖರ್ಚು ತುಂಬಿಸಲು ಹೊಸ ತೆರಿಗೆಯೂ ಇರಲಿಲ್ಲ, ಬೇರೆ ಕಡೆ ಅಷ್ಟು ಕಡಿತವೂ ಇರಲಿಲ್ಲ. ಬೆಳಗಿನ ಜಾವ 3ಕ್ಕೆ ಮತ ಶುರುವಾಯಿತು. ಮಾಮೂಲಾಗಿ ಇದಕ್ಕೆ 15 ನಿಮಿಷ. ಸಮಯ ಮುಗಿದಾಗ ಮಸೂದೆ ಸೋಲುತ್ತಿತ್ತು. ನಾಯಕರು ಮತವನ್ನು ಮುಚ್ಚಲೇ ಇಲ್ಲ. ಸುಮಾರು ಮೂರು ಗಂಟೆ ತೆರೆದಿಟ್ಟು, ವಿರೋಧಿಸಿದ ತಮ್ಮದೇ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಒತ್ತಾಯ ಮಾಡಿದರು. ಬೆಳಕು ಹರಿಯುವ ಮುಂಚೆ 220-215ರಲ್ಲಿ ಗೆದ್ದರು. ಮಿಷಿಗನ್‌ನ ನಿಕ್ ಸ್ಮಿತ್ ಅನ್ನುವ ಸದಸ್ಯರ ಮತಕ್ಕಾಗಿ, ಅವರ ಮಗನ ಚುನಾವಣೆಗೆ ಬೆಂಬಲ ಕೊಡುವುದಾಗಿ ಹೇಳಿದ್ದಕ್ಕೆ ಪಕ್ಷದ ನಾಯಕ ಟಾಮ್ ಡಿಲೇ ಅವರಿಗೆ ಮರುವರ್ಷ ನೈತಿಕ ಸಮಿತಿ ಛೀಮಾರಿ ಹಾಕಿತು. ಆ ರಾತ್ರಿ ವಿರುದ್ಧ ನಿಂತವರಲ್ಲಿ ಮುಂದೆ ಉಪಾಧ್ಯಕ್ಷರಾದ ಮೈಕ್ ಪೆನ್ಸ್ ಕೂಡ ಇದ್ದರು.

ಸೆನೆಟ್‌ನ ಲೆಕ್ಕ ಇನ್ನೊಂದು ಥರ. ಅಲ್ಲಿ 100 ಸದಸ್ಯರು. ಇಲಾಖೆಗಳ ವಾರ್ಷಿಕ ಖರ್ಚಿನ ಮಸೂದೆಯನ್ನು ಮುಂದಕ್ಕೆ ಒಯ್ಯಲು 60 ಮತ ಬೇಕು. ಯಾವ ಪಕ್ಷಕ್ಕೂ 60 ಸಿಗುವುದು ಅಪರೂಪ. ಹಾಗಾಗಿ ಎದುರು ಪಕ್ಷದ ಮತ ಕೇಳಲೇಬೇಕು. ರಿಪಬ್ಲಿಕನ್ನರಿಗೆ ಸೇನೆಗೆ ಜಾಸ್ತಿ ಬೇಕು, ಡೆಮಾಕ್ರಟರಿಗೆ ಉಳಿದ ಇಲಾಖೆಗಳಿಗೆ ಜಾಸ್ತಿ ಬೇಕು. ರಾಜಿ ಅಂದರೆ ಎರಡೂ ಏರುತ್ತವೆ. 2018ರ ಫೆಬ್ರುವರಿಯ ಒಪ್ಪಂದ ಹೀಗೇ ಆಯ್ತು: ಎರಡು ವರ್ಷಕ್ಕೆ ಸುಮಾರು 30 ಸಾವಿರ ಕೋಟಿ ಡಾಲರ್ ಹೆಚ್ಚುವರಿ. ಆದರೆ ತೆರಿಗೆ ಕಡಿತಕ್ಕೆ 60 ಬೇಕಿಲ್ಲ. ಅದಕ್ಕೆ ರಿಕನ್ಸಿಲಿಯೇಶನ್ ಅನ್ನುವ ಬೇರೆ ದಾರಿ ಇದೆ, ಸರಳ ಬಹುಮತ ಸಾಕು. ಹೀಗಾಗಿ ರಿಪಬ್ಲಿಕನ್ನರು ಅಧಿಕಾರಕ್ಕೆ ಬಂದಾಗಲೆಲ್ಲ ತೆರಿಗೆ ಸುಲಭವಾಗಿ ಇಳಿಯುತ್ತದೆ, ಇಲಾಖೆಗಳ ಖರ್ಚು ಇಳಿಯುವುದಿಲ್ಲ. ನಡುವಿನ ಅಂತರವನ್ನು ಸಾಲ ತುಂಬುತ್ತದೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಜನರಿಗೆ ಅತಿ ಕಡಿಮೆ ಗೊತ್ತಿರುವ ಅಂಶ ಇದು.

ಸೇತುವೆಯ ಸಿಟ್ಟು, ಪಿಂಚಣಿಯ ಲೆಕ್ಕ

ಈಗ ಹಣದ ವಿಷಯ. ಅಲಾಸ್ಕಾದಲ್ಲಿ ಕೆಚಿಕನ್ ಅಂತ ಒಂದು ಪುಟ್ಟ ಊರು. ಅದರ ವಿಮಾನ ನಿಲ್ದಾಣ ಎದುರಿನ ಗ್ರಾವಿನಾ ದ್ವೀಪದಲ್ಲಿದೆ. ದ್ವೀಪದಲ್ಲಿ ವಾಸ ಇದ್ದವರು ಸುಮಾರು 50 ಜನ. ದೋಣಿಯಲ್ಲಿ ಹೋದರೆ ಕೆಲವೇ ನಿಮಿಷ. ಅಲ್ಲಿಗೆ ಸೇತುವೆ ಕಟ್ಟಲು 2005ರ ಹೆದ್ದಾರಿ ಕಾಯ್ದೆಯಲ್ಲಿ 22.3 ಕೋಟಿ ಡಾಲರ್ ಇಟ್ಟರು. ಕೆಳಮನೆಯ ಸಾರಿಗೆ ಸಮಿತಿಯ ಅಧ್ಯಕ್ಷರಾಗಿದ್ದವರು ಅಲಾಸ್ಕಾದವರೇ ಆದ ಡಾನ್ ಯಂಗ್, ರಿಪಬ್ಲಿಕನ್. ಅದೇ ವರ್ಷ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಲೂಸಿಯಾನಾವನ್ನು ಹಾಳು ಮಾಡಿತು. ಒಕ್ಲಹೋಮಾದ ಸೆನೆಟರ್ ಟಾಮ್ ಕೋಬರ್ನ್, ಅವರೂ ರಿಪಬ್ಲಿಕನ್, ಅಲಾಸ್ಕಾದ ಹಣವನ್ನು ಲೂಸಿಯಾನಾದ ಮುರಿದ ಸೇತುವೆಗೆ ಕೊಡೋಣ ಅಂತ ಅಕ್ಟೋಬರ್‌ನಲ್ಲಿ ತಿದ್ದುಪಡಿ ತಂದರು. ಅದಕ್ಕೆ ಬಿದ್ದದ್ದು 15 ಮತ. ವಿರುದ್ಧ 82.

ಆ ಸೇತುವೆ ಕಟ್ಟಲೇ ಇಲ್ಲ. ದೇಶದ ತುಂಬ ಗಲಾಟೆಯಾದ ಮೇಲೆ ಇದೇ ಕೆಲಸಕ್ಕೆ ಅಂತಿದ್ದ ಷರತ್ತನ್ನು ತೆಗೆದರು, ಹಣ ಮಾತ್ರ ರಾಜ್ಯದಲ್ಲೇ ಉಳಿಯಿತು. ಸೇತುವೆ ಬಂದು ಸೇರಬೇಕಿದ್ದ ಜಾಗಕ್ಕೆ ದ್ವೀಪದ ಮೇಲೆ ಸುಮಾರು 5 ಕಿಲೋಮೀಟರ್ ರಸ್ತೆಯನ್ನೂ ಹಾಕಿದರು. ಹೀಗೆ ಸದಸ್ಯರು ತಮ್ಮ ಕ್ಷೇತ್ರಕ್ಕೆ ಅಂತ ಹೆಸರಿಟ್ಟು ತರುವ ಹಣವನ್ನು 2011ರಲ್ಲಿ ನಿಲ್ಲಿಸಿದರು. 2021ರಲ್ಲಿ ಮತ್ತೆ ಶುರುವಾಯಿತು. ಅದಕ್ಕೆ ಕೆಳಮನೆಯ ರಿಪಬ್ಲಿಕನ್ನರು ತಮ್ಮೊಳಗೆ ಒಪ್ಪಿಗೆ ಕೊಟ್ಟದ್ದು ರಹಸ್ಯ ಮತದಾನದಲ್ಲಿ, 102-84. ಯಾರು ಯಾವ ಕಡೆ ಅಂತ ಮತದಾರನಿಗೆ ಗೊತ್ತಾಗದ ಹಾಗೆ. ಜನರ ಹಣದ ವಿಷಯಕ್ಕೆ ರಹಸ್ಯ ಮತ ಯಾಕೆ ಬೇಕು? ಈ ಪ್ರಶ್ನೆಗೆ ನನಗೆ ಒಪ್ಪುವ ಉತ್ತರ ಎಲ್ಲೂ ಸಿಕ್ಕಿಲ್ಲ.

ಇಂಥ ಖರ್ಚು ನೋಡಿ ಸಿಟ್ಟು ಬರುವುದು ಸಹಜ. ಆದರೆ ಸಾಲದ ಮೂಲ ಸೇತುವೆಯಲ್ಲಿಲ್ಲ. 2024ರ ಹಣಕಾಸು ವರ್ಷದ ಲೆಕ್ಕ ತೆಗೆದುಕೊಳ್ಳಿ. ಒಟ್ಟು ಖರ್ಚು ಸುಮಾರು 6.75 ಲಕ್ಷ ಕೋಟಿ ಡಾಲರ್. ಆದಾಯ ಸುಮಾರು 4.9. ಕೊರತೆ 1.83 ಲಕ್ಷ ಕೋಟಿ. ಖರ್ಚಿನಲ್ಲಿ 4.1 ಲಕ್ಷ ಕೋಟಿ ಪ್ರತಿ ವರ್ಷ ಮತಕ್ಕೇ ಬರುವುದಿಲ್ಲ. ಕಾನೂನಿನ ಪ್ರಕಾರ ತಾನಾಗಿ ಹೋಗುತ್ತಿರುತ್ತದೆ. ಸೋಷಿಯಲ್ ಸೆಕ್ಯುರಿಟಿ ಅನ್ನುವ ವೃದ್ಧಾಪ್ಯ ಪಿಂಚಣಿಗೆ ಸುಮಾರು 1.45 ಲಕ್ಷ ಕೋಟಿ, ಮೆಡಿಕೇರ್‌ಗೆ ಸುಮಾರು 87 ಸಾವಿರ ಕೋಟಿ, ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಸುಮಾರು 62 ಸಾವಿರ ಕೋಟಿ. ಇದಲ್ಲದೆ ಬಡ್ಡಿಗೇ 88 ಸಾವಿರ ಕೋಟಿ. ಸೇನೆಗೆ ಹೋದದ್ದು 85 ಸಾವಿರ ಕೋಟಿಯ ಆಸುಪಾಸು, ಅಂದರೆ ಬಡ್ಡಿಗಿಂತ ಕಡಿಮೆ.

ಉಳಿದದ್ದು ಸುಮಾರು 96 ಸಾವಿರ ಕೋಟಿ. ಸೇನೆ ಬಿಟ್ಟು ಸಂಸತ್ತು ಪ್ರತಿ ವರ್ಷ ಮತ ಹಾಕಿ ಕೊಡುವ ಹಣ ಇಷ್ಟೇ. ಶಿಕ್ಷಣ, ರಸ್ತೆ, ವಿಜ್ಞಾನ, ಉದ್ಯಾನ, ಎಫ್‌ಬಿಐ, ನಾಸಾ, ಕೋರ್ಟು, ವಿದೇಶಿ ನೆರವು, ಎಲ್ಲವೂ ಇದರೊಳಗೆ. ಇದನ್ನು ಪೂರ್ತಿ ಸೊನ್ನೆ ಮಾಡಿದರೂ ಕೊರತೆಯ ಅರ್ಧದಷ್ಟು ಮಾತ್ರ ತುಂಬುತ್ತದೆ. ಮನೆ ಬಾಡಿಗೆ ಮತ್ತು ಸಾಲದ ಕಂತಿಗೇ ಸಂಬಳ ಮುಗಿದು ಹೋಗುವಾಗ, ಕಾಫಿಪುಡಿ ಕಡಿಮೆ ತರುವುದರ ಬಗ್ಗೆ ಗಂಡ ಹೆಂಡತಿ ಜಗಳ ಆಡಿದ ಹಾಗೆ ಇದು. ಕಾಫಿಪುಡಿಯಲ್ಲೂ ದುಂದು ಬೇಡ, ನಿಜ. ಆದರೆ ತಿಂಗಳ ಲೆಕ್ಕ ಸರಿಹೋಗುವುದು ಅದರಿಂದಲ್ಲ.

ಈ ಲೆಕ್ಕ ಪಕ್ಷದ ನಾಯಕರಿಗೆಲ್ಲ ಗೊತ್ತು. ಆದರೂ ಚುನಾವಣಾ ಸಭೆಯಲ್ಲಿ ಹೇಳುವುದಿಲ್ಲ, ಯಾಕಂದರೆ ಪಿಂಚಣಿ ಪಡೆಯುವ ವೃದ್ಧರೇ ಅವರ ಅತಿ ನಿಷ್ಠ ಮತದಾರರು. 2005ರಲ್ಲಿ ಬುಷ್ ಪಿಂಚಣಿಯ ಒಂದು ಭಾಗವನ್ನು ಖಾಸಗಿ ಖಾತೆಗೆ ತಿರುಗಿಸುವ ಮಾತೆತ್ತಿದರು. ಎರಡೂ ಮನೆ ಅವರ ಪಕ್ಷದ ಕೈಯಲ್ಲಿದ್ದರೂ ಅದು ಮತಕ್ಕೇ ಬರಲಿಲ್ಲ. ಪಿಂಚಣಿ, ಮೆಡಿಕೇರ್ ಮುಟ್ಟುವುದಿಲ್ಲ ಅಂತ ಟ್ರಂಪ್ 2016ರಿಂದಲೇ ಮಾತು ಕೊಟ್ಟಿದ್ದಾರೆ. ಹಾಗಿದ್ದ ಮೇಲೆ ಸಾಲ ಇಳಿಸುತ್ತೇವೆ ಅನ್ನುವ ಮಾತಿಗೆ ತಳವೇ ಇಲ್ಲ.

ಲೆಕ್ಕ ಸರಿದೂಗಿದ ಕಾಲವೂ ಇತ್ತು. 1998ರಿಂದ 2001ರವರೆಗೆ ನಾಲ್ಕು ವರ್ಷ ಅಮೆರಿಕ ಸರ್ಕಾರಕ್ಕೆ ಕೊರತೆಯೇ ಇರಲಿಲ್ಲ, ಹಣ ಉಳಿಯಿತು. ಅಧ್ಯಕ್ಷರು ಡೆಮಾಕ್ರಟ್ ಕ್ಲಿಂಟನ್, ಸಂಸತ್ತು ರಿಪಬ್ಲಿಕನ್ನರದು. ಒಬ್ಬರು ಇನ್ನೊಬ್ಬರ ಖರ್ಚಿಗೆ ತಡೆ ಹಾಕಿದರು, 1990 ಮತ್ತು 1993ರಲ್ಲಿ ತೆರಿಗೆ ಏರಿಸಿದ್ದರು, ಆರ್ಥಿಕತೆಯೂ ಜೋರಾಗಿತ್ತು. 1990ರ ತೆರಿಗೆ ಏರಿಕೆಗೆ ಒಪ್ಪಿದವರು ಹಿರಿಯ ಬುಷ್. ಹೊಸ ತೆರಿಗೆ ಇಲ್ಲ ಅಂತ ಮಾತು ಕೊಟ್ಟು ಗೆದ್ದವರು ಅವರು. ಪಕ್ಷ ಅದನ್ನು ಕ್ಷಮಿಸಲಿಲ್ಲ, 1992ರಲ್ಲಿ ಅವರು ಸೋತರು. ಆಮೇಲೆ ತೆರಿಗೆ ಏರಿಸುವ ಧೈರ್ಯ ರಿಪಬ್ಲಿಕನ್ ನಾಯಕರಿಗೆ ಬರಲಿಲ್ಲ.

ಇಲ್ಲಿ ಒಂದು ಮಾತು. ಅಮೆರಿಕದ 50 ರಾಜ್ಯಗಳಲ್ಲಿ ವರ್ಮಾಂಟ್ ಬಿಟ್ಟು ಉಳಿದವಕ್ಕೆಲ್ಲ ಬಜೆಟ್ ಸರಿದೂಗಿಸುವ ಕಟ್ಟುಪಾಡು ಯಾವುದಾದರೂ ರೂಪದಲ್ಲಿದೆ. ಭಾರತದಲ್ಲಿ ಇಂಥ ಹಣಕಾಸು ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ ನಮ್ಮ ಕರ್ನಾಟಕ, 2002ರಲ್ಲಿ. ವಾಷಿಂಗ್ಟನ್‌ಗೆ ಮಾತ್ರ ಅಂಥ ಬೇಲಿ ಇಲ್ಲ. ಸಂವಿಧಾನಕ್ಕೇ ತಿದ್ದುಪಡಿ ತರುವ ಪ್ರಯತ್ನ 1995ರಲ್ಲಿ ಕೆಳಮನೆ ದಾಟಿ, ಸೆನೆಟ್‌ನಲ್ಲಿ ಒಂದು ಮತದಿಂದ ನಿಂತುಹೋಯಿತು.

ಬಂಡಾಯಗಳು

2008ರ ಸೆಪ್ಟೆಂಬರ್ 29ರಂದು ಬ್ಯಾಂಕುಗಳನ್ನು ಉಳಿಸಲು 70 ಸಾವಿರ ಕೋಟಿ ಡಾಲರ್ ಕೊಡುವ ಮಸೂದೆಯನ್ನು ಕೆಳಮನೆ 228-205ರಲ್ಲಿ ಸೋಲಿಸಿತು. ಬುಷ್ ಕೇಳಿದರೂ ರಿಪಬ್ಲಿಕನ್ನರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಷೇರುಪೇಟೆ ಆ ದಿನ 777 ಅಂಕ ಕುಸಿಯಿತು. ನಾಲ್ಕೇ ದಿನದಲ್ಲಿ ಮಸೂದೆ ಪಾಸಾಯಿತು. ಟೀ ಪಾರ್ಟಿ ಅನ್ನುವ ಚಳವಳಿಗೆ ಕಿಚ್ಚು ಸಿಕ್ಕಿದ್ದು ಇಲ್ಲಿಂದ. 2010ರಲ್ಲಿ ಆ ಅಲೆಯ ಮೇಲೆ ರಿಪಬ್ಲಿಕನ್ನರು ಕೆಳಮನೆಯಲ್ಲಿ 63 ಸೀಟು ಹೆಚ್ಚು ಗೆದ್ದರು. 2015ರ ಜನವರಿಯಲ್ಲಿ ಅವರಲ್ಲೇ ಖಡಕ್ ಆದವರು ಫ್ರೀಡಂ ಕಾಕಸ್ ಅನ್ನುವ ಗುಂಪು ಕಟ್ಟಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೇನರ್ ರಾಜೀನಾಮೆ ಘೋಷಿಸಿದರು.

ದೊಡ್ಡ ಹೊಡೆತ ಬಿದ್ದದ್ದು 2023ರಲ್ಲಿ. ಕೆವಿನ್ ಮೆಕಾರ್ಥಿ ಸ್ಪೀಕರ್ ಆಗಲು 15 ಸುತ್ತು ಮತದಾನ ಬೇಕಾಯಿತು. ಬಂಡಾಯಗಾರರಿಗೆ ಅವರು ಒಪ್ಪಿಕೊಂಡದ್ದು ಇವು: ಮಸೂದೆ ಓದಲು 72 ಗಂಟೆ, ಖರ್ಚಿನ ಮಸೂದೆ ಬೇರೆ ಬೇರೆಯಾಗಿ ಬರಬೇಕು, ಒಬ್ಬನೇ ಸದಸ್ಯ ಸ್ಪೀಕರ್ ವಿರುದ್ಧ ಅವಿಶ್ವಾಸ ತರಬಹುದು. ಜೂನ್ ಹೊತ್ತಿಗೆ ಬೈಡನ್ ಜೊತೆ ಸಾಲದ ಮಿತಿಯ ಒಪ್ಪಂದವಾಯಿತು. 71 ರಿಪಬ್ಲಿಕನ್ನರು ಅದರ ವಿರುದ್ಧ ಮತ ಹಾಕಿದರು. ಸೆಪ್ಟೆಂಬರ್ 30ರಂದು ಮತ್ತೆ ತಾತ್ಕಾಲಿಕ ಮಸೂದೆ, ಅದೂ ಡೆಮಾಕ್ರಟರ ಮತದಿಂದ. ಅಕ್ಟೋಬರ್ 3ರಂದು ಫ್ಲಾರಿಡಾದ ಮ್ಯಾಟ್ ಗೇಟ್ಸ್ ತಂದ ನಿರ್ಣಯದಲ್ಲಿ ಮೆಕಾರ್ಥಿ 216-210ರಲ್ಲಿ ಕೆಳಗಿಳಿದರು. ಕೆಳಗಿಳಿಸಲು ಸಾಕಾದದ್ದು ಎಂಟು ರಿಪಬ್ಲಿಕನ್ನರು, ಉಳಿದವರು ಡೆಮಾಕ್ರಟರು. ಸ್ಪೀಕರ್ ಒಬ್ಬರನ್ನು ಹೀಗೆ ಇಳಿಸಿದ್ದು ಅಮೆರಿಕದ ಇತಿಹಾಸದಲ್ಲಿ ಅದೇ ಮೊದಲು.

ಇದರಿಂದ ಏನು ಬದಲಾಯಿತು? ಮೂರು ವಾರ ಸದನಕ್ಕೆ ಸ್ಪೀಕರ್ ಇರಲಿಲ್ಲ. ಆಮೇಲೆ ಲೂಸಿಯಾನಾದ ಮೈಕ್ ಜಾನ್ಸನ್ ಬಂದರು. ಅವರು ಕನ್ಸರ್ವೇಟಿವ್‌ಗಳ ಮೆಚ್ಚಿನವರೇ. 2024ರ ಮಾರ್ಚ್‌ನಲ್ಲಿ ಅವರೂ 1,012 ಪುಟದ, 1.2 ಲಕ್ಷ ಕೋಟಿಯ ಮಸೂದೆಯನ್ನು 72 ಗಂಟೆ ಕಾಯದೆ ಪಾಸು ಮಾಡಿಸಿದರು. ಅವರದೇ ಪಕ್ಷದ ಹೆಚ್ಚಿನ ಸದಸ್ಯರು ವಿರುದ್ಧ ಮತ ಹಾಕಿದ್ದರು. ವ್ಯಕ್ತಿ ಬದಲಾದರು, ಸೆನೆಟ್‌ನ 60 ಬದಲಾಗಲಿಲ್ಲ, ಅಕ್ಟೋಬರ್ 1ರ ಗಡುವು ಬದಲಾಗಲಿಲ್ಲ. ಮೇ ತಿಂಗಳಲ್ಲಿ ಜಾನ್ಸನ್ ಅವರನ್ನೂ ಇಳಿಸಲು ಮಾರ್ಜರಿ ಟೇಲರ್ ಗ್ರೀನ್ ಹೊರಟಾಗ, 359-43ರಲ್ಲಿ ಆ ಪ್ರಯತ್ನ ಬಿದ್ದುಹೋಯಿತು. ಡೆಮಾಕ್ರಟರೇ ಅವರನ್ನು ಉಳಿಸಿದರು.

2025ರಲ್ಲಿ ಎಲ್ಲ ಅಧಿಕಾರ ಮತ್ತೆ ರಿಪಬ್ಲಿಕನ್ನರ ಕೈಗೆ ಬಂತು. ಕನಿಷ್ಠ 2 ಲಕ್ಷ ಕೋಟಿ ಡಾಲರ್ ಉಳಿಸಬಹುದು ಅಂತ ಇಲಾನ್ ಮಸ್ಕ್ ಚುನಾವಣೆಗೆ ಮುಂಚೆ ಹೇಳಿದ್ದರು. ಆಗ ಸೇನೆಯೂ ಸೇರಿ ಸಂಸತ್ತು ಮತ ಹಾಕಿ ಕೊಡುವ ವರ್ಷದ ಖರ್ಚೇ 1.8 ಲಕ್ಷ ಕೋಟಿ. ಖರ್ಚು ಕಡಿತಕ್ಕೆ ಅಂತ ಟ್ರಂಪ್ ಮಸ್ಕ್ ಕೈಗೆ ಕೊಟ್ಟ ಡೋಜ್ ಅನ್ನುವ ತಂಡ ಕಚೇರಿಗಳನ್ನು ಮುಚ್ಚಿಸಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಆದರೆ ಸಂಸತ್ತು ಆ ಜುಲೈನಲ್ಲಿ ಕಾನೂನಾಗಿ ರದ್ದು ಮಾಡಿದ್ದು ಸುಮಾರು 900 ಕೋಟಿ ಡಾಲರ್. ಆ ಹಣಕಾಸು ವರ್ಷ ಸರ್ಕಾರದ ಖರ್ಚು ಏರಿ 7 ಲಕ್ಷ ಕೋಟಿ ಮುಟ್ಟಿತು.

ಅದೇ ಜುಲೈ 4ಕ್ಕೆ ಟ್ರಂಪ್ ತಮ್ಮ ದೊಡ್ಡ ತೆರಿಗೆ ಮಸೂದೆಗೆ ಸಹಿ ಹಾಕಿದರು. ಹತ್ತು ವರ್ಷದಲ್ಲಿ ಇದರಿಂದ ಕೊರತೆ 3.4 ಲಕ್ಷ ಕೋಟಿ ಹೆಚ್ಚುತ್ತದೆ ಅಂತ ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜು ಮಾಡಿತು. ಸಾಲದ ಮಿತಿಯನ್ನೂ ಒಂದೇ ಸಲಕ್ಕೆ 5 ಲಕ್ಷ ಕೋಟಿ ಏರಿಸಿದರು. ತೆರಿಗೆ ಇಳಿದರೆ ಬೆಳವಣಿಗೆ ಏರಿ ನಷ್ಟ ತುಂಬುತ್ತದೆ ಅಂತ ಬೆಂಬಲಿಗರು ವಾದಿಸಿದರು. ಟೆಕ್ಸಸ್‌ನ ಚಿಪ್ ರಾಯ್ ಸಾಲದ ಕಾರಣಕ್ಕೆ ತಿಂಗಳುಗಟ್ಟಲೆ ತಕರಾರು ತೆಗೆದು, ಕೊನೆಗೆ ಪರವಾಗಿ ಮತ ಹಾಕಿದರು. ಕೆಳಮನೆಯ ಕೊನೆಯ ಮತದಲ್ಲಿ ವಿರೋಧಿಸಿದ ರಿಪಬ್ಲಿಕನ್ನರು ಇಬ್ಬರೇ. ಅವರಲ್ಲಿ ಒಬ್ಬರು ಕೆಂಟಕಿಯ ಥಾಮಸ್ ಮ್ಯಾಸಿ. ಎಂಐಟಿಯಲ್ಲಿ ಓದಿದ ಎಂಜಿನಿಯರ್. ದೇಶದ ಸಾಲದ ಅಂಕಿ ಕ್ಷಣಕ್ಷಣಕ್ಕೂ ಏರುವುದನ್ನು ತೋರಿಸುವ ಪುಟ್ಟ ಬ್ಯಾಡ್ಜನ್ನು ತಾವೇ ತಯಾರಿಸಿ ಕೋಟಿನ ಎದೆ ಮೇಲೆ ಹಾಕಿಕೊಂಡು ಸದನಕ್ಕೆ ಬರುತ್ತಾರೆ. ಅವರನ್ನು ಪ್ರೈಮರಿಯಲ್ಲಿ ಸೋಲಿಸಬೇಕು ಅಂತ ಟ್ರಂಪ್ ಕರೆ ಕೊಟ್ಟರು. ಹ್ಯೂಲ್ಸ್‌ಕ್ಯಾಂಪ್ ಕಾಲದಲ್ಲಿ ಸ್ಪೀಕರ್ ಕೊಡುತ್ತಿದ್ದ ಪೆಟ್ಟನ್ನು ಈಗ ಅಧ್ಯಕ್ಷರೇ ನೇರವಾಗಿ ಕೊಡುತ್ತಾರೆ.

ಸಾಮಾನ್ಯ ಕನ್ಸರ್ವೇಟಿವ್ ಮತದಾರನ ಸಿಟ್ಟು ನನಗೆ ಅರ್ಥವಾಗುತ್ತದೆ. ಓದದ ಮಸೂದೆ, ರಾತ್ರಿ ಕದ್ದ ಮತ, ಪ್ರಾಮಾಣಿಕರಿಗೆ ಸಿಕ್ಕ ಶಿಕ್ಷೆ, ಇವೆಲ್ಲ ನಿಜವಾದ ಅನ್ಯಾಯ. ಸಾಲದ ಬಡ್ಡಿ ಕಟ್ಟುವವರು ಇನ್ನೂ ವೋಟು ಬರದ ಮಕ್ಕಳು, ಅದೂ ಅನ್ಯಾಯ. ಆದರೆ ಬರೀ ಸ್ಪೀಕರ್ ಬದಲಿಸಿದರೆ ಲೆಕ್ಕ ಸರಿಹೋಗುತ್ತದೆ ಅಂತ ಅವನಿಗೆ ನಂಬಿಸಿದವರು ಅವನಿಗೆ ಇನ್ನೊಂದು ಮೋಸ ಮಾಡಿದ್ದಾರೆ.

ಅಲ್ಲಿನ ವೃದ್ಧಾಪ್ಯ ಪಿಂಚಣಿ ನಿಧಿ 2033ಕ್ಕೆ ಖಾಲಿಯಾಗುತ್ತದೆ ಅಂತ ಅದರ ಟ್ರಸ್ಟಿಗಳೇ 2025ರ ವರದಿಯಲ್ಲಿ ಹೇಳಿದ್ದಾರೆ. ಕಾನೂನು ಬದಲಾಗದಿದ್ದರೆ ಆ ವರ್ಷದಿಂದ ಬರುವ ತೆರಿಗೆಯಲ್ಲಿ ಪಿಂಚಣಿಯ 77% ಮಾತ್ರ ಕೊಡಲು ಸಾಧ್ಯ. ಅಂದರೆ ಯಾರೂ ಮತ ಹಾಕದಿದ್ದರೂ 23% ಕಡಿತ ತಾನಾಗಿ ಬರುತ್ತದೆ. ತಪ್ಪಿಸಲು ತೆರಿಗೆ ಏರಿಸಬೇಕು, ಮುಂದಿನವರ ಪಿಂಚಣಿ ಇಳಿಸಬೇಕು, ಇಲ್ಲವೇ ಸಾಲ ತಂದು ಸುರಿಯಬೇಕು. 2026ರಲ್ಲಿ ಆರು ವರ್ಷದ ಅವಧಿಗೆ ಗೆಲ್ಲುವ ಸೆನೆಟರ್‌ಗಳು 2033ರ ಜನವರಿಯವರೆಗೆ ಅಧಿಕಾರದಲ್ಲಿರುತ್ತಾರೆ. ಈ ಮೂರರಲ್ಲಿ ಯಾವುದು ಅಂತ ಮತದಾರ ಅವರನ್ನು ಈಗಲೇ ಕೇಳಬಹುದು.